ಸೀಟಿನಿಂದ ಮೊದಲ ಸಂಬಳದವರೆಗೆ: ಎಂಜಿನಿಯರಿಂಗ್‌ಗೆ ಹೊರಟವರು ಬಿಡಿಸಿ ಓದಬೇಕಾದ ಕಾಗದಗಳು

‘ಸಿಇಟಿಯಲ್ಲಿ 38 ಸಾವಿರದ ರ‍್ಯಾಂಕ್ ಬಂದಿದೆ, ಯಾವ ಕಾಲೇಜು ಒಳ್ಳೆಯದು?’ ಈ ಪ್ರಶ್ನೆಗೆ ಎದುರುಮನೆಯವರ ಹತ್ತಿರ ಒಂದು ಉತ್ತರ, ಟ್ಯೂಷನ್ ಮೇಷ್ಟ್ರ ಹತ್ತಿರ ಇನ್ನೊಂದು, ಬಸ್ಸಿನ ಹಿಂದೆ ಅಂಟಿಸಿದ ಜಾಹೀರಾತಿನಲ್ಲಿ ಮತ್ತೊಂದು ಇರುತ್ತದೆ. ಯಾವುದು ನಿಜ ಎಂದು ತಿಳಿಯುವ ದಾರಿ ಮಾತ್ರ ಆ ಉತ್ತರಗಳಲ್ಲಿ ಇರುವುದಿಲ್ಲ. ಆದರೆ ಒಂದು ಕಾಲೇಜಿಗೆ ಎಷ್ಟು ಮಂದಿ ಸೇರಿದರು, ಎಷ್ಟು ಮಂದಿ ನಾಲ್ಕು ವರ್ಷದಲ್ಲೇ ಮುಗಿಸಿದರು, ಎಷ್ಟು ಮಂದಿಗೆ ಎಷ್ಟು ಸಂಬಳದ ಕೆಲಸ ಸಿಕ್ಕಿತು ಎಂಬುದೆಲ್ಲ ಎಷ್ಟೋ ಕಾಲೇಜುಗಳ ಮಟ್ಟಿಗೆ ಕಾಗದದ ಮೇಲೇ ಇದೆ. ಯಾರು ಬೇಕಾದರೂ ತೆಗೆದು ಓದಬಹುದು. ಮುಂದೆ ಕೆಲಸಕ್ಕೆ ಸೇರುವಾಗ ಕೈಗೆ ಬರುವ ಪತ್ರಗಳೂ ಹಾಗೆಯೇ. ಓದಿಕೊಂಡು ಸಹಿ ಹಾಕಿದರೆ ತೊಂದರೆ ಇಲ್ಲ, ಹಾಕಿದ ಮೇಲೆ ಓದಿದರೆ ತಡವಾಗಿರುತ್ತದೆ. ಮನೆಯಲ್ಲಿ ಮೊದಲ ಸಲ ಎಂಜಿನಿಯರಿಂಗ್ ಮೆಟ್ಟಿಲು ಹತ್ತುತ್ತಿರುವವರನ್ನು ಮನಸ್ಸಿನಲ್ಲಿಟ್ಟುಕೊಂಡು, ಆ ಕಾಗದಗಳನ್ನು ಅವು ಎದುರಾಗುವ ಕ್ರಮದಲ್ಲೇ ಇಲ್ಲಿ ತೆಗೆದುಕೊಂಡಿದ್ದೇವೆ.

ರ‍್ಯಾಂಕ್‌ಗಿಂತ ಮೊದಲು ಪ್ರಮಾಣಪತ್ರ

ಎಂಜಿನಿಯರಿಂಗ್ ರ‍್ಯಾಂಕ್‌ಗೆ ದ್ವಿತೀಯ ಪಿಯುಸಿಯ ಭೌತವಿಜ್ಞಾನ, ರಸಾಯನವಿಜ್ಞಾನ, ಗಣಿತದ ಅಂಕಗಳಿಂದ ಅರ್ಧ, ಸಿಇಟಿ ಅಂಕಗಳಿಂದ ಅರ್ಧ ಹಿಡಿಯುತ್ತಾರೆ. ಅದು ಓದಿಗೆ ಸಂಬಂಧಿಸಿದ ವಿಷಯ. ಓದಿಗೆ ಸಂಬಂಧವೇ ಇಲ್ಲದೆ ಸೀಟು ಕೈತಪ್ಪುವುದು ಪ್ರಮಾಣಪತ್ರಗಳಿಂದ. ಈ ಕೆಲಸ ಡಿಸೆಂಬರ್‌ನಲ್ಲೇ ಶುರುವಾಗಬೇಕು. ಏಪ್ರಿಲ್, ಮೇ ತಿಂಗಳಲ್ಲಿ ನಾಡಕಚೇರಿಯ ಮುಂದೆ ಎಲ್ಲರೂ ಒಟ್ಟಿಗೇ ನಿಂತಿರುತ್ತಾರೆ.

ಕರ್ನಾಟಕದಲ್ಲಿ ಕನಿಷ್ಠ 7 ವರ್ಷ ಓದಿದ್ದಕ್ಕೆ ವ್ಯಾಸಂಗ ಪ್ರಮಾಣಪತ್ರ ಬೇಕು. ಒಂದರಿಂದ ಹತ್ತನೇ ತರಗತಿಯವರೆಗೆ ಹಳ್ಳಿಯಲ್ಲಿ ಓದಿದ್ದರೆ ಗ್ರಾಮೀಣ ಮೀಸಲಾತಿ ಶೇ 15, ಕನ್ನಡ ಮಾಧ್ಯಮದಲ್ಲಿ ಓದಿದ್ದರೆ ಶೇ 5. ಇವುಗಳಿಗೆ ಶಾಲೆಯ ಮುಖ್ಯೋಪಾಧ್ಯಾಯರ ಸಹಿ ಮಾತ್ರ ಸಾಲದು, ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಮೇಲುಸಹಿಯೂ ಬೇಕು. ಎರಡು ಮೂರು ಶಾಲೆ ಬದಲಿಸಿದ್ದರೆ ಪ್ರತಿ ಶಾಲೆಯಿಂದಲೂ ಪತ್ರ ತರಬೇಕು. ಜಾತಿ ಮತ್ತು ಆದಾಯ ಪ್ರಮಾಣಪತ್ರದಲ್ಲಿರುವ ಆರ್‌ಡಿ ಸಂಖ್ಯೆಯನ್ನೇ ಅರ್ಜಿಯಲ್ಲಿ ನಮೂದಿಸಬೇಕು. ಅದರ ಅವಧಿ ಮುಗಿದಿದ್ದರೆ ಅಥವಾ ಹೆಸರು ಹೊಂದದಿದ್ದರೆ ಮೀಸಲಾತಿ ಬಿಟ್ಟುಹೋಗಿ ಸಾಮಾನ್ಯ ವರ್ಗಕ್ಕೆ ಬೀಳುತ್ತೀರಿ. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯನಗರ ಈ ಏಳು ಜಿಲ್ಲೆಗಳವರು ಸಂವಿಧಾನದ 371(ಜೆ) ವಿಧಿಯಡಿ ತಮ್ಮ ಭಾಗಕ್ಕಿರುವ ಮೀಸಲಾತಿಯ ಅರ್ಹತಾ ಪತ್ರವನ್ನು ಉಪವಿಭಾಗಾಧಿಕಾರಿ ಕಚೇರಿಯಿಂದ ಪಡೆಯಬೇಕು. ಆ ಭಾಗದ ಕಾಲೇಜುಗಳಲ್ಲಿ ಶೇ 70, ರಾಜ್ಯದ ಉಳಿದೆಡೆ ಶೇ 8 ಸೀಟು ಇದರಡಿ ಇವೆ. ಬೆಂಗಳೂರಿನಲ್ಲೇ ಓದಬೇಕೆಂದಿರುವ ರಾಯಚೂರಿನ ವಿದ್ಯಾರ್ಥಿಗೂ ಈ ಪತ್ರ ಉಪಯೋಗಕ್ಕೆ ಬರುತ್ತದೆ ಎಂಬುದನ್ನು ಹಲವರು ಗಮನಿಸುವುದಿಲ್ಲ.

ಕುಟುಂಬದ ವಾರ್ಷಿಕ ಆದಾಯ 8 ಲಕ್ಷದ ಒಳಗಿದ್ದರೆ ಸೂಪರ್‌ನ್ಯೂಮರರಿ ಕೋಟಾದಲ್ಲಿ ಬೋಧನಾ ಶುಲ್ಕ ಮನ್ನಾ ಆಗುವ ಸೀಟು ಸಿಗುವ ಅವಕಾಶ ಇದೆ. ಮಂಜೂರಾದ ಸೀಟುಗಳ ಮೇಲೆ ಹೆಚ್ಚುವರಿಯಾಗಿ ಶೇ 5ರಷ್ಟು ಇಂಥ ಸೀಟುಗಳಿರುತ್ತವೆ. ಇದಕ್ಕೆ ಬೇಕಾದದ್ದು ಸರಿಯಾದ ಆದಾಯ ಪ್ರಮಾಣಪತ್ರ ಮಾತ್ರ. ಸಾಮಾನ್ಯ ವರ್ಗದವರು ‘ನಮಗ್ಯಾಕೆ ಆದಾಯ ಪತ್ರ’ ಎಂದು ಬಿಟ್ಟು ಇದನ್ನು ಕಳೆದುಕೊಳ್ಳುತ್ತಾರೆ.

ಕಾಲೇಜಿನ ಲೆಕ್ಕವನ್ನು ಕಾಲೇಜಿನ ಬಾಯಿಂದಲೇ ಓದುವುದು

ಕಾಲೇಜಿನ ವೆಬ್‌ಸೈಟ್ ತೆರೆದು ತೀರಾ ಕೆಳಗೆ ಹೋಗಿ. ಅಲ್ಲಿ ಎನ್‌ಐಆರ್‌ಎಫ್ ಎಂಬ ಕೊಂಡಿ ಇದ್ದರೆ ಒತ್ತಿ. ಕೇಂದ್ರ ಸರ್ಕಾರದ ರ‍್ಯಾಂಕಿಂಗ್‌ಗಾಗಿ ಕಾಲೇಜು ಸಲ್ಲಿಸಿದ ಪಿಡಿಎಫ್ ತೆರೆದುಕೊಳ್ಳುತ್ತದೆ. ರ‍್ಯಾಂಕ್ ಎಷ್ಟು ಬಂತು ಎಂಬುದು ನಮಗೆ ಮುಖ್ಯವಲ್ಲ. ಅದರೊಳಗೆ ಪ್ಲೇಸ್‌ಮೆಂಟ್ ಮತ್ತು ಉನ್ನತ ವ್ಯಾಸಂಗದ ಕೋಷ್ಟಕ ಇರುತ್ತದೆ. ಮಂಜೂರಾದ ಸೀಟು, ಮೊದಲ ವರ್ಷ ಸೇರಿದವರು, ಡಿಪ್ಲೊಮಾ ಮುಗಿಸಿ ಎರಡನೇ ವರ್ಷಕ್ಕೆ ಸೇರಿದವರು, ನಿಗದಿತ ಅವಧಿಯಲ್ಲೇ ಪದವಿ ಮುಗಿಸಿದವರು, ಕೆಲಸ ಸಿಕ್ಕವರು, ಅವರ ಮಧ್ಯಾಂಕ ಸಂಬಳ, ಮುಂದೆ ಓದಲು ಹೋದವರು, ಇಷ್ಟೂ ಸಾಲಾಗಿ ಸಿಗುತ್ತವೆ.

ಇದನ್ನು ಓದುವ ರೀತಿಯನ್ನು ಒಂದು ಕಾಲ್ಪನಿಕ ಲೆಕ್ಕದಲ್ಲಿ ನೋಡೋಣ. ಮೊದಲ ವರ್ಷಕ್ಕೆ ಸೇರಿದವರು 480, ಎರಡನೇ ವರ್ಷಕ್ಕೆ ನೇರವಾಗಿ ಬಂದವರು 40, ಒಟ್ಟು 520. ನಾಲ್ಕು ವರ್ಷಕ್ಕೆ ಸರಿಯಾಗಿ ಪಾಸಾಗಿ ಹೊರಬಂದವರು 390. ಕೆಲಸ ಸಿಕ್ಕಿದ್ದು 210 ಮಂದಿಗೆ. ಮಧ್ಯಾಂಕ ಸಂಬಳ 3.6 ಲಕ್ಷ. ಇದೇ ಕಾಲೇಜು ‘ಶೇ 91 ಪ್ಲೇಸ್‌ಮೆಂಟ್’ ಎಂದು ಫ್ಲೆಕ್ಸ್ ಹಾಕಬಹುದು, ಅದು ಸುಳ್ಳೂ ಆಗಿರುವುದಿಲ್ಲ. ಬಾಕಿ ವಿಷಯ ಇದ್ದವರನ್ನು, ಶೇ 60ಕ್ಕಿಂತ ಕಡಿಮೆ ಇದ್ದವರನ್ನು, ಹೆಸರು ನೋಂದಾಯಿಸದವರನ್ನು ಬಿಟ್ಟು 230 ಮಂದಿಯನ್ನು ‘ಅರ್ಹರು’ ಎಂದು ಹಿಡಿದರೆ 210 ಎಂದರೆ ಶೇ 91. ಸೇರಿದ 520 ಮಂದಿಯ ಮೇಲೆ ಹಿಡಿದರೆ ಶೇ 40. ನಿಮ್ಮ ಮಗ ಅಥವಾ ಮಗಳು ಸೇರುವುದು 520ರ ಗುಂಪಿಗೆ. ಆದ್ದರಿಂದ ಭಾಗಿಸಬೇಕಾದದ್ದು ಅದರಿಂದಲೇ. ಮುಂದೆ ಓದಲು ಹೋದವರನ್ನು ಮಾತ್ರ ಪ್ರತ್ಯೇಕವಾಗಿ ಕಳೆಯಿರಿ, ಅವರು ಕೆಲಸ ಹುಡುಕಿದವರಲ್ಲ.

ಮಧ್ಯಾಂಕ ಎಂದರೆ ಎಲ್ಲರನ್ನೂ ಸಂಬಳದ ಪ್ರಕಾರ ಸಾಲಾಗಿ ನಿಲ್ಲಿಸಿದಾಗ ನಟ್ಟನಡುವೆ ನಿಂತವರ ಸಂಬಳ. ಒಬ್ಬರಿಗೆ 45 ಲಕ್ಷ ಸಿಕ್ಕಿದ ಕೂಡಲೇ ಸರಾಸರಿ ಏರುತ್ತದೆ, ಮಧ್ಯಾಂಕ ಏರುವುದಿಲ್ಲ. ಜಾಹೀರಾತಿನಲ್ಲಿ ‘ಅತಿ ಹೆಚ್ಚು ಪ್ಯಾಕೇಜ್’ ಇರುತ್ತದೆ, ಮಧ್ಯಾಂಕ ಕಾಣುವುದು ಈ ಪಿಡಿಎಫ್‌ನಲ್ಲಿ. ಮೂರು ವರ್ಷದ ಅಂಕಿಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಇದು ಕಾಲೇಜು ತಾನೇ ಬರೆದುಕೊಟ್ಟ ಲೆಕ್ಕ, ಕೋಷ್ಟಕ ಇಡೀ ಕಾಲೇಜಿನದ್ದೇ ಹೊರತು ಬ್ರಾಂಚ್‌ವಾರು ಅಲ್ಲ ಎಂಬುದೂ ನೆನಪಿರಲಿ. ಸಿವಿಲ್, ಮೆಕ್ಯಾನಿಕಲ್ ಸೇರುವವರು ಆ ವಿಭಾಗದ ಮುಖ್ಯಸ್ಥರನ್ನೇ ಕಂಡು, ‘ಕಳೆದ ವರ್ಷ ನಿಮ್ಮ ಬ್ರಾಂಚ್‌ನಿಂದ ಯಾವ ಕಂಪನಿಗೆ ಎಷ್ಟು ಮಂದಿ ಹೋದರು’ ಎಂದು ಕೇಳಬೇಕು. ಪಟ್ಟಿ ತೋರಿಸುವ ವಿಭಾಗಕ್ಕೂ ‘ಎಲ್ಲರಿಗೂ ಆಗುತ್ತೆ ಬಿಡಿ’ ಎನ್ನುವ ವಿಭಾಗಕ್ಕೂ ಬಹಳ ವ್ಯತ್ಯಾಸ ಇದೆ.

ಎರಡನೆಯದಾಗಿ ಮೇಷ್ಟ್ರುಗಳನ್ನು ಎಣಿಸಿ. ಒಂದು ಬ್ರಾಂಚ್‌ಗೆ ಎಷ್ಟು ಸೀಟು ಎಂಬುದಕ್ಕಿದ್ದ ಮಿತಿಯನ್ನು ತಾಂತ್ರಿಕ ಶಿಕ್ಷಣದ ಕೇಂದ್ರ ನಿಯಂತ್ರಣ ಸಂಸ್ಥೆ ಎಐಸಿಟಿಇ 2024-25ರಿಂದ ಸಡಿಲಿಸಿತು. ಅದಾದ ಮೇಲೆ ಕಂಪ್ಯೂಟರ್ ಸೈನ್ಸ್ ಮತ್ತು ಅದರ ಉಪಶಾಖೆಗಳ ಸೀಟುಗಳು ಒಮ್ಮೆಲೇ ಏರಿದವು. ಸೀಟು ಏರಿಸಲು ಒಂದು ಆದೇಶ ಸಾಕು, ಕಲಿಸುವವರು ಅಷ್ಟು ಬೇಗ ಹುಟ್ಟುವುದಿಲ್ಲ. ಎಐಸಿಟಿಇ ಅಳತೆ 20 ವಿದ್ಯಾರ್ಥಿಗಳಿಗೆ ಒಬ್ಬ ಅಧ್ಯಾಪಕ. 60ರ ನಾಲ್ಕು ಸೆಕ್ಷನ್ ಇದ್ದರೆ ವರ್ಷಕ್ಕೆ 240, ನಾಲ್ಕು ವರ್ಷಕ್ಕೆ 960 ವಿದ್ಯಾರ್ಥಿಗಳು. ಅಲ್ಲಿಗೆ 48 ಅಧ್ಯಾಪಕರು ಬೇಕು. ಕಾಲೇಜು ತನ್ನ ವೆಬ್‌ಸೈಟಿನಲ್ಲಿ ಹಾಕಲೇಬೇಕಾದ ಕಡ್ಡಾಯ ಪ್ರಕಟಣೆಯಲ್ಲಿ (ಮ್ಯಾಂಡೇಟರಿ ಡಿಸ್‌ಕ್ಲೋಷರ್) ಆ ವಿಭಾಗದ ಅಧ್ಯಾಪಕರ ಹೆಸರು, ಪದವಿ, ಸೇರಿದ ದಿನಾಂಕ ಇರುತ್ತವೆ. ಅಲ್ಲಿ 17 ಹೆಸರು ಇದ್ದು, ಅದರಲ್ಲಿ 12 ಮಂದಿ ಕಳೆದ ವರ್ಷವಷ್ಟೇ ಸೇರಿದ್ದರೆ ತರಗತಿ ಹೇಗೆ ನಡೆಯುತ್ತಿದೆ ಎಂದು ಊಹಿಸಬಹುದು.

ಗುಣಮಟ್ಟ ಪರಿಶೀಲಿಸಿ ಕೊಡುವ ಮಾನ್ಯತೆಗಳಲ್ಲಿ ನ್ಯಾಕ್ ಗ್ರೇಡ್ ಇಡೀ ಕಾಲೇಜಿಗೆ ಸಿಗುವಂಥದ್ದು. ಎನ್‌ಬಿಎ ಮಾನ್ಯತೆ ಒಂದೊಂದು ಬ್ರಾಂಚ್‌ಗೆ ಪ್ರತ್ಯೇಕ, ಅದೂ ಅವಧಿಗೆ ಸೀಮಿತ. ‘ಎನ್‌ಬಿಎ ಮಾನ್ಯತೆ ಪಡೆದ ಕಾಲೇಜು’ ಎಂದು ಗೇಟಿನ ಮೇಲೆ ಬರೆದಿದ್ದರೆ ಯಾವ ಬ್ರಾಂಚ್‌ಗೆ, ಯಾವ ವರ್ಷದವರೆಗೆ ಎಂದು ಕೇಳಿ. ಹೊಸದಾಗಿ ತೆರೆದ ಬ್ರಾಂಚ್‌ಗಳಿಗೆ ಅದು ಸಿಕ್ಕಿರುವುದಿಲ್ಲ, ಕನಿಷ್ಠ ಎರಡು ತಂಡ ಪಾಸಾಗಿ ಹೊರಬಂದ ಮೇಲೆಯೇ ಅರ್ಜಿ ಹಾಕಲು ಬರುತ್ತದೆ.

ಕಾಲೇಜಿಗೆ ಭೇಟಿ ಕೊಡುವುದಾದರೆ ಭಾನುವಾರದ ಪ್ರವೇಶ ಮೇಳಕ್ಕೆ ಹೋಗಬೇಡಿ. ವಾರದ ನಡುವೆ ಮಧ್ಯಾಹ್ನ 3 ಗಂಟೆಗೆ ಹೋಗಿ. ಆ ಹೊತ್ತಿಗೆ ಲ್ಯಾಬ್‌ಗಳಲ್ಲಿ ಮಂದಿ ಇದ್ದಾರೆಯೇ ನೋಡಿ. ಕ್ಯಾಂಟೀನ್‌ನಲ್ಲಿ ಕೂತಿರುವ ಮೂರನೇ ವರ್ಷದವರನ್ನು ಕೇಳಿ: ಕಳೆದ ಸೆಮಿಸ್ಟರ್‌ನಲ್ಲಿ ಎಷ್ಟು ವಿಷಯಕ್ಕೆ ಮೇಷ್ಟ್ರು ನಡುವೆ ಬದಲಾದರು? ಹಾಸ್ಟೆಲ್ ಎಲ್ಲರಿಗೂ ಸಿಗುತ್ತದೆಯೇ, ಇಲ್ಲ ಮೊದಲ ವರ್ಷಕ್ಕೆ ಮಾತ್ರವೇ? ಶುಲ್ಕದ ರಸೀದಿಯಲ್ಲಿ ಇಲ್ಲದ ಹಣ ಯಾವುದಕ್ಕೆಲ್ಲ ಕೇಳುತ್ತಾರೆ? ಅವರು ನೇರವಾಗಿ ಹೇಳುತ್ತಾರೆ.

ಆಪ್ಷನ್ ಎಂಟ್ರಿ: ಕ್ರಮವೇ ಎಲ್ಲ

ಬೇಕಾದ ಕಾಲೇಜು, ಬ್ರಾಂಚ್‌ಗಳ ಪಟ್ಟಿಯನ್ನು ಆನ್‌ಲೈನ್‌ನಲ್ಲಿ ತುಂಬುವುದೇ ಆಪ್ಷನ್ ಎಂಟ್ರಿ. ಸೀಟು ಹಂಚುವ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ (ಕೆಇಎ) ಕಂಪ್ಯೂಟರ್ ಮಾಡುವುದು ಇಷ್ಟು: ರ‍್ಯಾಂಕ್ ಪ್ರಕಾರ ಒಬ್ಬೊಬ್ಬರ ಪಟ್ಟಿ ತೆಗೆದು, ಮೇಲಿನಿಂದ ಕೆಳಕ್ಕೆ ಬರುತ್ತ, ಮೊದಲು ಖಾಲಿ ಸಿಕ್ಕ ಸೀಟನ್ನು ಕೊಡುತ್ತದೆ. ಆದ್ದರಿಂದ ಸೀಟು ಸಿಗುವ ಸಾಧ್ಯತೆ ನೋಡಿ ಪಟ್ಟಿ ಜೋಡಿಸಬಾರದು, ಬಯಕೆಯ ಕ್ರಮದಲ್ಲೇ ಜೋಡಿಸಬೇಕು. ಸಿಗದ ಕಾಲೇಜನ್ನು ಮೇಲೆ ಹಾಕಿದರೆ ನಷ್ಟವೇನಿಲ್ಲ, ಕಂಪ್ಯೂಟರ್ ಅದನ್ನು ದಾಟಿ ಕೆಳಗೆ ಬರುತ್ತದೆ. ‘ಇದು ಖಂಡಿತ ಸಿಗುತ್ತದೆ’ ಎಂದು ಬೇಡದ್ದನ್ನು ಮೇಲಿಟ್ಟರೆ ಅದೇ ಸಿಗುತ್ತದೆ, ಕೆಳಗಿನದನ್ನು ಮತ್ತೆ ನೋಡುವುದೇ ಇಲ್ಲ.

ಪಟ್ಟಿ ಮಾಡುವ ಮೊದಲು ಯಾವ ಸೀಟು ಕೊನೆಗೆ ಯಾವ ರ‍್ಯಾಂಕ್‌ಗೆ ಸಿಕ್ಕಿತು ಎಂದು ತೋರಿಸುವ, ಕಳೆದ ಎರಡು ವರ್ಷದ ಕಟಾಫ್ ಪಟ್ಟಿಯನ್ನು ಕೆಇಎ ವೆಬ್‌ಸೈಟಿನಿಂದ ಇಳಿಸಿಕೊಳ್ಳಿ. ನಿಮ್ಮ ವರ್ಗದ ಕಾಲಂ ಮಾತ್ರ ನೋಡಿ. ಜಿಎಂ ಎಂದರೆ ಸಾಮಾನ್ಯ ವರ್ಗ, ಅದರಲ್ಲೇ ಜಿಎಂಆರ್ ಗ್ರಾಮೀಣ, ಜಿಎಂಕೆ ಕನ್ನಡ ಮಾಧ್ಯಮ. ಹಾಗೆಯೇ ಹಿಂದುಳಿದ ವರ್ಗ 2ಎಗೆ 2ಎಜಿ, 2ಎಆರ್, 2ಎಕೆ. ಜಿಎಂ ಕಾಲಂ ನೋಡಿ ಆಸೆ ಬಿಟ್ಟ ಸೀಟು ಕನ್ನಡ ಮಾಧ್ಯಮದ ಕಾಲಂನಲ್ಲಿ ನಿಮ್ಮ ರ‍್ಯಾಂಕ್‌ಗೇ ಸಿಗುವಂತಿರಬಹುದು. ಮೊದಲ ಸುತ್ತಿನ ಕಟಾಫ್‌ಗಿಂತ ಕೊನೆಯ ಸುತ್ತಿನದು ಸಾಮಾನ್ಯವಾಗಿ ಸಡಿಲ, ಎರಡನ್ನೂ ಬರೆದುಕೊಳ್ಳಿ.

ಕಾಲೇಜಿನ ಹೆಸರು ನೋಡಿ ಒತ್ತಬೇಡಿ, ಕೋಡ್ ನೋಡಿ. ಒಂದೇ ರೀತಿಯ ಹೆಸರಿನ ಕಾಲೇಜುಗಳು ಹಲವಿವೆ. ಹಾಸನದ ಮಲೆನಾಡು, ಬಾಗಲಕೋಟೆಯ ಬಸವೇಶ್ವರ, ಕಲಬುರಗಿಯ ಪಿಡಿಎ, ಬೆಂಗಳೂರಿನ ಬಿಎಂಎಸ್ ಮುಂತಾದ ಹಳೆಯ ಕಾಲೇಜುಗಳಲ್ಲಿ ಅನುದಾನಿತ ಸೀಟುಗಳೂ ಇವೆ, ಅನುದಾನರಹಿತ ಸೀಟುಗಳೂ ಇವೆ. ಒಂದೇ ಕಟ್ಟಡ, ಅದೇ ತರಗತಿ, ಶುಲ್ಕ ಮಾತ್ರ ತುಂಬಾ ಬೇರೆ. ಹಣದ ಬಿಗಿ ಇರುವವರು ಅನುದಾನಿತ ಸೀಟುಗಳನ್ನೂ ಕೃಷ್ಣರಾಜಪೇಟೆ, ಹಾವೇರಿ, ಹೂವಿನಹಡಗಲಿಯಂಥ ಊರುಗಳ ಸರ್ಕಾರಿ ಎಂಜಿನಿಯರಿಂಗ್ ಕಾಲೇಜುಗಳನ್ನೂ ಪಟ್ಟಿಯಲ್ಲಿ ಸೇರಿಸಿಯೇ ತೀರಬೇಕು. ಆಪ್ಷನ್ ಎಷ್ಟು ಹಾಕಿದರೂ ಹಣ ಕೊಡಬೇಕಿಲ್ಲ. ಹತ್ತೇ ಹಾಕಿ ಸೀಟೇ ಸಿಗದೆ ಕೂತವರಿಗಿಂತ ಎಂಬತ್ತು ಹಾಕಿದವರು ಜಾಣರು.

ನಿಜವಾದ ಹಂಚಿಕೆಗೆ ಮೊದಲು ಪ್ರಯೋಗಕ್ಕೆಂದು ಮಾಡುವ ಅಣಕು ಹಂಚಿಕೆ ಬಂದಾಗ ಅದನ್ನು ಎಚ್ಚರಿಕೆ ಎಂದು ತಿಳಿಯಿರಿ. ಬೇಡದ ಸೀಟು ತೋರಿಸಿದರೆ ಪಟ್ಟಿಯ ಕ್ರಮ ಬದಲಿಸಲು ಆಗಲೇ ಅವಕಾಶ ಇರುವುದು. ನಿಜವಾದ ಹಂಚಿಕೆಯ ನಂತರ ನಾಲ್ಕು ಆಯ್ಕೆ. ಸೀಟು ಒಪ್ಪಿಗೆ, ಶುಲ್ಕ ಕಟ್ಟಿ ಸೇರುತ್ತೇನೆ ಎನ್ನುವುದು ಮೊದಲನೆಯದು. ಇದು ಇರಲಿ, ಮೇಲಿನದಕ್ಕೂ ಮುಂದಿನ ಸುತ್ತಿನಲ್ಲಿ ನೋಡುತ್ತೇನೆ ಎನ್ನುವುದು ಎರಡನೆಯದು. ಇದು ಬೇಡ, ಮುಂದಿನ ಸುತ್ತಿಗೆ ಬರುತ್ತೇನೆ ಎನ್ನುವುದು ಮೂರನೆಯದು. ನಾಲ್ಕನೆಯದು ಪೂರ್ತಿ ಹೊರಗೆ ಹೋಗುವುದು.

ಹೆಚ್ಚು ಜನ ಎಡವುವುದು ಎರಡನೆಯದರಲ್ಲಿ. ಮುಂದಿನ ಸುತ್ತಿನಲ್ಲಿ ಮೇಲಿನ ಆಪ್ಷನ್ ಸಿಕ್ಕ ಕೂಡಲೇ ಹಿಡಿದಿದ್ದ ಸೀಟು ತಾನಾಗಿ ಬೇರೆಯವರಿಗೆ ಹೋಗುತ್ತದೆ, ‘ಹಳೆಯದೇ ಇರಲಿ’ ಎನ್ನಲು ಬರುವುದಿಲ್ಲ. ಹೀಗಾಗಿ ಎರಡನೇ ಆಯ್ಕೆ ಒತ್ತಿದ ದಿನವೇ ಕೂತು, ಈಗಿರುವ ಸೀಟಿಗಿಂತ ನಿಜವಾಗಿಯೂ ಹೆಚ್ಚು ಬೇಕಾದದ್ದನ್ನು ಮಾತ್ರ ಉಳಿಸಿ ಮಿಕ್ಕದ್ದನ್ನು ಅಳಿಸಿ. ಮೂರನೇ ಆಯ್ಕೆ ಒತ್ತಿದರೆ ಕೈಯಲ್ಲಿದ್ದದ್ದು ಹೋಯಿತೆಂದೇ ಲೆಕ್ಕ, ಮುಂದೆ ಏನೂ ಸಿಗದಿರಲೂಬಹುದು. ಕೊನೆಯ ಸುತ್ತಿನಲ್ಲಿ ಸಿಕ್ಕ ಸೀಟನ್ನು ಬಿಟ್ಟರೆ ಏನಾಗುತ್ತದೆ ಎಂಬುದು ಆಯಾ ವರ್ಷದ ಬ್ರೋಷರ್‌ನಲ್ಲಿ ಇರುತ್ತದೆ, ಆ ಪುಟವನ್ನು ಅಪ್ಪ ಅಮ್ಮನೂ ಜೊತೆಗೆ ಕೂತು ಓದಲಿ. ಲಾಗಿನ್ ಪಾಸ್‌ವರ್ಡ್ ಸೈಬರ್ ಸೆಂಟರ್‌ನವರ ಬಳಿ ಬಿಡಬೇಡಿ.

ಸೇರುವ ದಿನ ಮೂಲ ಅಂಕಪಟ್ಟಿಗಳನ್ನು ತೋರಿಸಿ, ಪರಿಶೀಲನೆ ಮುಗಿದ ಮೇಲೆ ವಾಪಸ್ ಪಡೆಯಿರಿ. ಮೂಲ ದಾಖಲೆಗಳನ್ನು ಕಾಲೇಜು ತನ್ನಲ್ಲೇ ಇಟ್ಟುಕೊಳ್ಳುವಂತಿಲ್ಲ ಎಂದು ಎಐಸಿಟಿಇ ನಿಯಮವೇ ಇದೆ.

ಸಾಲ ಮಾಡುವುದಾದರೆ ಕಂತನ್ನು ಇಂದೇ ಲೆಕ್ಕ ಹಾಕಿ

ಶಿಕ್ಷಣ ಸಾಲಕ್ಕೆ ವಿದ್ಯಾಲಕ್ಷ್ಮಿ ಪೋರ್ಟಲ್ ಮೂಲಕ ಅರ್ಜಿ ಹಾಕಬಹುದು. ಬ್ಯಾಂಕುಗಳ ಮಾದರಿ ಯೋಜನೆಯಲ್ಲಿ 7.5 ಲಕ್ಷದವರೆಗೆ ಆಸ್ತಿ ಅಡಮಾನ ಬೇಕಿಲ್ಲ. ಪ್ರವೇಶ ಆದೇಶ, ಕಾಲೇಜು ಕೊಟ್ಟ ನಾಲ್ಕು ವರ್ಷದ ಶುಲ್ಕ ಪಟ್ಟಿ, ತಂದೆ ಅಥವಾ ತಾಯಿಯ ಪ್ಯಾನ್ ಮತ್ತು ಆದಾಯ ದಾಖಲೆ ಸಿದ್ಧವಿರಲಿ. ಶಾಖೆಯಲ್ಲಿ ಆಗುವುದಿಲ್ಲ ಎಂದರೆ ಕಾರಣವನ್ನು ಬರೆದು ಕೊಡಿ ಎಂದು ಕೇಳಿ.

ಲೆಕ್ಕ ಹೀಗೆ: ವರ್ಷಕ್ಕೆ 1 ಲಕ್ಷದಂತೆ ನಾಲ್ಕು ವರ್ಷ ಸಾಲ, ಬಡ್ಡಿ ಶೇ 10 ಎಂದಿಟ್ಟುಕೊಳ್ಳಿ. ಓದುವಾಗ ಮತ್ತು ಓದು ಮುಗಿದ ನಂತರ ಒಂದು ವರ್ಷ ಕಂತು ಕಟ್ಟಬೇಕಿಲ್ಲ, ಆದರೆ ಬಡ್ಡಿ ನಿಲ್ಲುವುದಿಲ್ಲ. ಮೊದಲ ಲಕ್ಷಕ್ಕೆ 5 ವರ್ಷ, ಎರಡನೆಯದಕ್ಕೆ 4, ಮೂರನೆಯದಕ್ಕೆ 3, ನಾಲ್ಕನೆಯದಕ್ಕೆ 2 ವರ್ಷದ ಸರಳ ಬಡ್ಡಿ ಸೇರಿ 1.4 ಲಕ್ಷ. ಕಂತು ಶುರುವಾಗುವ ದಿನ ಸಾಲ 5.4 ಲಕ್ಷ. ಏಳು ವರ್ಷಕ್ಕೆ ತೀರಿಸುವುದಾದರೆ ತಿಂಗಳಿಗೆ ಸುಮಾರು 8,965 ರೂಪಾಯಿ. ಈ ಅಂಕಿಯನ್ನು ಬರೆದಿಟ್ಟುಕೊಳ್ಳಿ, ಮುಂದೆ ಸಂಬಳದ ಜೊತೆ ಹೋಲಿಸಲು ಬೇಕು. ಮೊದಲ ವರ್ಷ ತಿಂಗಳಿಗೆ 833 ರೂಪಾಯಿ ಬಡ್ಡಿಯನ್ನು ಅಲ್ಲಲ್ಲೇ ಕಟ್ಟುತ್ತ ಬಂದರೆ ಈ ಹೊರೆ ಇಷ್ಟು ಬೆಳೆಯುವುದಿಲ್ಲ. ಅದಕ್ಕೂ ಮೊದಲು ರಾಜ್ಯ ಸರ್ಕಾರದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ನಿಮ್ಮ ವರ್ಗದ ವಿದ್ಯಾರ್ಥಿವೇತನಕ್ಕೆ ಅರ್ಜಿ ಹೋಗಿರಲಿ. ಆಧಾರ್ ಜೋಡಣೆಯಾದ ಬ್ಯಾಂಕ್ ಖಾತೆ ಇಲ್ಲದೆ ಮಂಜೂರಾದ ಹಣವೂ ಬರದೆ ನಿಲ್ಲುತ್ತದೆ.

ನಾಲ್ಕು ವರ್ಷದಲ್ಲಿ ತಪ್ಪಬಾರದ್ದು

ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) ಕಾಲೇಜುಗಳಲ್ಲಿ ಆಂತರಿಕ ಮೌಲ್ಯಮಾಪನಕ್ಕೆ 50, ಪರೀಕ್ಷೆಗೆ 50 ಅಂಕದ ಲೆಕ್ಕ. ಆಂತರಿಕದಲ್ಲಿ 20 ಬರದಿದ್ದರೆ ಪರೀಕ್ಷೆಗೇ ಕೂರಿಸುವುದಿಲ್ಲ. ಪರೀಕ್ಷೆಯಲ್ಲಿ ಕನಿಷ್ಠ 18, ಎರಡೂ ಸೇರಿ 40 ಬೇಕು. ಹಾಜರಾತಿ ಶೇ 85. ಪಿಯುಸಿಯಲ್ಲಿ ಶೇ 90 ತೆಗೆದವರೂ ಮೊದಲ ಸೆಮಿಸ್ಟರ್‌ನ ಗಣಿತದಲ್ಲಿ ಬೀಳುವುದುಂಟು. ಕಾರಣ ಬುದ್ಧಿ ಕಡಿಮೆಯಾದದ್ದಲ್ಲ, ಕೌನ್ಸೆಲಿಂಗ್ ಎಳೆದು ತರಗತಿ ತಡವಾಗಿ ಶುರುವಾದಾಗ ಇಡೀ ಪಾಠ ಕೆಲವೇ ವಾರಗಳಲ್ಲಿ ಓಡುವುದು. ಮೊದಲ ವರ್ಷದ ಬಾಕಿಯನ್ನು ಎರಡನೇ ವರ್ಷದಲ್ಲೇ ತೀರಿಸಿ. ಕ್ಯಾಂಪಸ್‌ಗೆ ಬರುವ ಅನೇಕ ಕಂಪನಿಗಳು ಹತ್ತನೇ ತರಗತಿ, ಪಿಯುಸಿ, ಪದವಿ ಮೂರರಲ್ಲೂ ಶೇ 60 ಇರಬೇಕು, ಆ ಹೊತ್ತಿಗೆ ಬಾಕಿ ವಿಷಯ ಇರಬಾರದು ಎನ್ನುತ್ತವೆ. ಏಳನೇ ಸೆಮಿಸ್ಟರ್‌ನಲ್ಲಿ ಒಂದೇ ಒಂದು ಬಾಕಿ ಇದ್ದವರು ಬಾಗಿಲಲ್ಲೇ ನಿಲ್ಲುತ್ತಾರೆ.

ಸಿವಿಲ್, ಮೆಕ್ಯಾನಿಕಲ್, ಎಲೆಕ್ಟ್ರಿಕಲ್‌ನವರು ಕ್ಯಾಂಪಸ್ ಒಂದನ್ನೇ ನಂಬಿ ಕೂರಬೇಡಿ. ಎಂ.ಟೆಕ್ ಪ್ರವೇಶಕ್ಕೂ ಕೆಲವು ಸರ್ಕಾರಿ ಕಂಪನಿಗಳ ನೇಮಕಕ್ಕೂ ಬಳಸುವ ಗೇಟ್ ಪರೀಕ್ಷೆಯನ್ನು ಮೂರನೇ ವರ್ಷದಲ್ಲೇ ಬರೆಯಬಹುದು, ಅಂಕ 3 ವರ್ಷ ಊರ್ಜಿತ. ಪದವಿಯ ನಂತರ ಕೇಂದ್ರದ ಅಪ್ರೆಂಟಿಸ್ ತರಬೇತಿ ಯೋಜನೆಯ ನ್ಯಾಟ್ಸ್ ಪೋರ್ಟಲ್‌ನಲ್ಲಿ ನೋಂದಾಯಿಸಿ ಎಚ್‌ಎಎಲ್, ಬಿಇಎಲ್‌ನಂಥ ಕಡೆ ಒಂದು ವರ್ಷ ಅಪ್ರೆಂಟಿಸ್ ಆಗಬಹುದು. ಅಪ್ರೆಂಟಿಸ್ ನಿಯಮಗಳ 2019ರ ತಿದ್ದುಪಡಿ ನಿಗದಿ ಮಾಡಿದ ಕನಿಷ್ಠ ಭತ್ಯೆ ಪದವೀಧರರಿಗೆ ತಿಂಗಳಿಗೆ 9,000, ಡಿಪ್ಲೊಮಾದವರಿಗೆ 8,000. ಹಣ ಸಣ್ಣದು, ಆದರೆ ಯಂತ್ರದ ಮುಂದೆ ನಿಂತ ಒಂದು ವರ್ಷ ದೊಡ್ಡದು. ಒಮ್ಮೆ ಅಪ್ರೆಂಟಿಸ್ ಆದವರು ಮತ್ತೊಮ್ಮೆ ಆಗುವಂತಿಲ್ಲ, ಹಾಗಾಗಿ ಜಾಗ ನೋಡಿ ಆರಿಸಿ. ಪದವಿ ಮುಗಿದು 180 ದಿನ ಕೆಲಸ ಸಿಗದವರಿಗೆ ರಾಜ್ಯದ ಯುವನಿಧಿಯಲ್ಲಿ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500 ರೂಪಾಯಿ ಎರಡು ವರ್ಷದವರೆಗೆ ಸಿಗುತ್ತದೆ. ಅಪ್ರೆಂಟಿಸ್ ಭತ್ಯೆ ಪಡೆಯುತ್ತಿರುವವರಿಗೆ ಇದು ಇಲ್ಲ.

ಹಣ ಕಟ್ಟಿ ಕೆಲಸ ಪಡೆಯುವ ದಾರಿ ಮಾತ್ರ ಬೇಡವೇ ಬೇಡ. ಲ್ಯಾಪ್‌ಟಾಪ್‌ಗೆ ಠೇವಣಿ, ತರಬೇತಿಗೆ ಮುಂಗಡ, ‘ಬ್ಯಾಕ್‌ಡೋರ್’ ಎಂದು ಯಾರೇ ಕೇಳಿದರೂ ಅಲ್ಲಿಗೆ ನಿಲ್ಲಿಸಿ. ಹಣ ಹೋಗಿಯೇ ಬಿಟ್ಟಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಸುಳ್ಳು ಅನುಭವ ಪತ್ರ ಕೊಟ್ಟು ಕೆಲಸ ಕೊಡಿಸುವ ಕನ್ಸಲ್ಟೆನ್ಸಿಗಳ ಮಾತಿಗೂ ಬೀಳಬೇಡಿ. ಭವಿಷ್ಯನಿಧಿಯ (ಪಿಎಫ್) ದಾಖಲೆ ತೆಗೆದು ನೋಡಿದರೆ ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ, ಸೇರಿದ ಕಂಪನಿ ವರ್ಷದ ನಂತರವೂ ತೆಗೆದುಹಾಕಬಹುದು.

ಹೆಸರು ಒಂದೇ ಇರಲಿ

ನಮ್ಮ ಕಡೆಯ ಮಕ್ಕಳಿಗೆ ಕೆಲಸಕ್ಕೆ ಸೇರುವಾಗ ಕಾಡುವ ದೊಡ್ಡ ತೊಡಕು ಇನಿಷಿಯಲ್. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ‘ರಮೇಶ ಎಚ್ ಕೆ’, ಆಧಾರ್‌ನಲ್ಲಿ ಬರೀ ‘ರಮೇಶ್’, ಪ್ಯಾನ್‌ನಲ್ಲಿ ಊರಿನ ಹೆಸರು, ತಂದೆಯ ಹೆಸರು ಬಿಡಿಸಿ ಬರೆದದ್ದು, ಬ್ಯಾಂಕ್‌ನಲ್ಲಿ ಇನ್ನೊಂದು. ಓದುವಾಗ ಯಾರೂ ಕೇಳುವುದಿಲ್ಲ. ಕೆಲಸಕ್ಕೆ ಸೇರಿದ ದಿನ ಪಿಎಫ್‌ನ ಗುರುತಿನ ಸಂಖ್ಯೆಯಾದ ಯುಎಎನ್ ಆಧಾರ್ ಹೆಸರಿನಲ್ಲಿ ಹುಟ್ಟುತ್ತದೆ, ಸಂಬಳದ ಖಾತೆಗೆ ಪ್ಯಾನ್ ಹೆಸರು ಬೇಕಾಗುತ್ತದೆ, ಹಿನ್ನೆಲೆ ಪರಿಶೀಲನೆಯವರು ಅಂಕಪಟ್ಟಿಯ ಹೆಸರು ಹಿಡಿದು ಕೂರುತ್ತಾರೆ.

ಸರಿಪಡಿಸುವ ಕ್ರಮ ಹೀಗೆ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯನ್ನು ಮೂಲ ಎಂದು ಹಿಡಿಯಿರಿ. ಅದಕ್ಕೆ ತಕ್ಕಂತೆ ಮೊದಲು ಆಧಾರ್, ಆಮೇಲೆ ಪ್ಯಾನ್, ಕೊನೆಗೆ ಬ್ಯಾಂಕ್ ಖಾತೆ. ಆಧಾರ್‌ನಲ್ಲಿ ಹೆಸರು ಬದಲಾವಣೆಗೆ ಜೀವಮಾನದಲ್ಲಿ ಎರಡೇ ಅವಕಾಶ, ಹುಟ್ಟಿದ ದಿನಾಂಕಕ್ಕೆ ಒಂದೇ. ಆದ್ದರಿಂದ ಅರ್ಜಿ ಕೊಡುವ ಮೊದಲು ಇಂಗ್ಲಿಷ್ ಕಾಗುಣಿತವನ್ನು ಅಕ್ಷರ ಅಕ್ಷರ ಹೋಲಿಸಿ. ಇದೆಲ್ಲ ಆಗಬೇಕಾದದ್ದು ಐದನೇ ಸೆಮಿಸ್ಟರ್‌ನಲ್ಲಿ, ಕೆಲಸ ಸಿಕ್ಕ ಮೇಲೆ ಅಲ್ಲ. ಘಟಿಕೋತ್ಸವದ ಪದವಿಪತ್ರ ಬರಲು ತಿಂಗಳುಗಳು ಹಿಡಿಯುವುದರಿಂದ ಕೊನೆಯ ಫಲಿತಾಂಶ ಬಂದ ಕೂಡಲೇ ತಾತ್ಕಾಲಿಕ ಪದವಿ ಪ್ರಮಾಣಪತ್ರ ತೆಗೆದುಕೊಳ್ಳಿ.

ಆಫರ್ ಪತ್ರದಲ್ಲಿ ಹುಡುಕಬೇಕಾದ ಸಾಲುಗಳು

ಮೊದಲು ಕೈಗೆ ಬಂದಿರುವುದು ಯಾವ ಪತ್ರ ಎಂದು ನೋಡಿ. ‘ಲೆಟರ್ ಆಫ್ ಇಂಟೆಂಟ್’ ಎಂದರೆ ತೆಗೆದುಕೊಳ್ಳುವ ಉದ್ದೇಶ ಇದೆ ಎಂದಷ್ಟೇ. ಆಫರ್ ಪತ್ರದಲ್ಲಿ ಹುದ್ದೆ, ಸಂಬಳ, ಸೇರುವ ದಿನಾಂಕ ಇರುತ್ತವೆ. ನೇಮಕಾತಿ ಪತ್ರ ಸೇರಿದ ದಿನ ಸಿಗುವುದು. ದಿನಾಂಕವೇ ಇಲ್ಲದ ಪತ್ರ ನಂಬಿ ಬೇರೆ ಅವಕಾಶಗಳನ್ನು ಬಿಡಬೇಡಿ, ಸೇರುವ ದಿನ ಆರೇಳು ತಿಂಗಳು ಮುಂದೆ ಹೋದ ಉದಾಹರಣೆಗಳು ಬೇಕಾದಷ್ಟಿವೆ.

ಸಿಟಿಸಿ, ಅಂದರೆ ಕಂಪನಿ ನಿಮಗಾಗಿ ಮಾಡುವ ಒಟ್ಟು ಖರ್ಚು, ವರ್ಷಕ್ಕೆ 3.6 ಲಕ್ಷ ಎಂದರೆ ತಿಂಗಳಿಗೆ 30,000 ಕೈಗೆ ಬರುವುದಿಲ್ಲ. ಮೂಲ ವೇತನ 15,000 ಎಂದಿಟ್ಟು ಬಿಡಿಸೋಣ. ಕಂಪನಿ ಕಟ್ಟುವ ಪಿಎಫ್ 1,800. ಕೆಲಸ ಬಿಡುವಾಗ ಸೇವೆಯ ವರ್ಷ ನೋಡಿ ಕೊಡುವ ಗ್ರಾಚ್ಯುಟಿ ಹೆಸರಲ್ಲಿ ಮೂಲ ವೇತನದ ಶೇ 4.81, ಅಂದರೆ 721. ವಿಮೆ 500. ವರ್ಷದ ಕೊನೆಗೆ ಕೆಲಸ ನೋಡಿ ಕೊಡುವ ಭಾಗ ಶೇ 10, ಅಂದರೆ 3,000. ಇವನ್ನೆಲ್ಲ ಕಳೆದರೆ 23,979. ಇದರಲ್ಲಿ ನಿಮ್ಮ ಪಾಲಿನ ಪಿಎಫ್ 1,800 ಹೋಗಿ ಕೈಗೆ 22,179. ಒಟ್ಟು ಸಂಬಳ 25,000 ಮುಟ್ಟದ ಕಾರಣ ವೃತ್ತಿ ತೆರಿಗೆ ಇಲ್ಲ, ಮುಟ್ಟಿದ್ದರೆ ತಿಂಗಳಿಗೆ 200 ಹೋಗುತ್ತಿತ್ತು. ಈಗ ಬರೆದಿಟ್ಟಿದ್ದ ಸಾಲದ ಕಂತು 8,965 ತೆಗೆಯಿರಿ, ಬೆಂಗಳೂರಿನ ಪಿಜಿ (ಪೇಯಿಂಗ್ ಗೆಸ್ಟ್) ವಸತಿಗೆ 8,000 ಹಿಡಿಯಿರಿ. ಉಳಿಯುವುದು 5,214. ಓಡಾಟ, ಔಷಧಿ, ಊರಿಗೆ ಹೋಗಿಬರುವುದು ಎಲ್ಲ ಇದರಲ್ಲೇ ಆಗಬೇಕು. ಮ್ಯಾನೇಜ್‌ಮೆಂಟ್ ಸೀಟಿಗೆ ಹತ್ತು ಲಕ್ಷ ಸಾಲ ಮಾಡುವ ಮೊದಲು ಅಪ್ಪ ಅಮ್ಮ ಈ ಲೆಕ್ಕ ಒಮ್ಮೆ ಮಾಡಲಿ. ಕಾಲೇಜಿನ ಮಧ್ಯಾಂಕ ಸಂಬಳ ನೋಡಿ ಎಂದು ಹೇಳಿದ್ದು ಇದಕ್ಕೇ.

ನಂತರ ಬಾಂಡ್, ಅಂದರೆ ಇಷ್ಟು ವರ್ಷ ಕೆಲಸ ಬಿಡುವುದಿಲ್ಲ ಎಂಬ ಕರಾರು. ಎಷ್ಟು ವರ್ಷ, ಬಿಟ್ಟರೆ ಎಷ್ಟು ಹಣ ಎಂಬ ಸಾಲನ್ನು ಹುಡುಕಿ. ‘ಬಾಂಡ್‌ಗೆಲ್ಲ ಕಾನೂನಿನಲ್ಲಿ ಬೆಲೆ ಇಲ್ಲ’ ಎಂಬ ಮಾತು ಹಾಸ್ಟೆಲ್‌ಗಳಲ್ಲಿ ಓಡಾಡುತ್ತಿರುತ್ತದೆ. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್, ಕರ್ನಾಟಕ ಹೈಕೋರ್ಟ್‌ನಿಂದ ಹೋಗಿದ್ದ ಒಂದು ಪ್ರಕರಣದಲ್ಲಿ, ಮೂರು ವರ್ಷಕ್ಕೆ ಮೊದಲೇ ಬಿಟ್ಟ ಬ್ಯಾಂಕ್ ಅಧಿಕಾರಿ 2 ಲಕ್ಷ ಕಟ್ಟಬೇಕೆಂಬ ಷರತ್ತನ್ನು ಎತ್ತಿಹಿಡಿದಿದೆ. ಆದ್ದರಿಂದ ಕಟ್ಟಲು ಆಗುವ ಮೊತ್ತವೇ ಎಂದು ಯೋಚಿಸಿ ಸಹಿ ಹಾಕಿ. ಮೂಲ ಅಂಕಪಟ್ಟಿ ಒತ್ತೆ ಇಡಿ, ಸಹಿ ಮಾಡಿದ ಖಾಲಿ ಚೆಕ್ ಕೊಡಿ ಎನ್ನುವ ಕಡೆ ಸೇರಬೇಡಿ. ನೋಟಿಸ್ ಅವಧಿ (ರಾಜೀನಾಮೆ ಕೊಟ್ಟ ಮೇಲೂ ಕೆಲಸ ಮಾಡಬೇಕಾದ ದಿನಗಳು) 90 ದಿನ ಇದ್ದರೆ ಮುಂದಿನ ಕೆಲಸ ಹುಡುಕುವಾಗ ಅದು ಅಡ್ಡ ಬರುತ್ತದೆ, ಪ್ರೊಬೇಷನ್‌ನಲ್ಲಿ, ಅಂದರೆ ಕಾಯಂ ಆಗುವ ಮೊದಲಿನ ಅವಧಿಯಲ್ಲಿ, ಎಷ್ಟು ಎಂದು ಬೇರೆಯಾಗಿ ಕೇಳಿ.

ಸೇರಿದ ಮೊದಲ ಎರಡು ತಿಂಗಳು

ತಿಂಗಳ 20ರ ನಂತರ ಸೇರಿದರೆ ಆ ತಿಂಗಳ ಸಂಬಳ ಮುಂದಿನ ತಿಂಗಳ ಜೊತೆ ಬರುವುದು ಹಲವು ಕಡೆ ರೂಢಿ. ಊರಿನಿಂದ ಹೊರಡುವಾಗ ಪಿಜಿ ಠೇವಣಿಯ ಜೊತೆಗೆ ಎರಡು ತಿಂಗಳ ಖರ್ಚು ಕೈಯಲ್ಲಿರಬೇಕು. ಮೊದಲ ದಿನವೇ ಬಾಡಿಗೆ ಮನೆ ಹಿಡಿಯಬೇಡಿ. ಬೆಂಗಳೂರಿನಲ್ಲಿ ಮನೆಗೆ ಹಲವು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಕೇಳುತ್ತಾರೆ, ಕಚೇರಿ ಎಲ್ಲಿ ಎಂಬುದು ತರಬೇತಿ ಮುಗಿದ ಮೇಲೆ ಬದಲಾಗಲೂಬಹುದು.

ಯುಎಎನ್ ಅನ್ನು ಈಗ ಕೇಂದ್ರ ಸರ್ಕಾರದ ಉಮಂಗ್ ಆ್ಯಪ್‌ನಲ್ಲಿ ಮುಖ ದೃಢೀಕರಣದ ಮೂಲಕ ನೀವೇ ಪಡೆಯಬಹುದು. ಇದು ಜೀವನಪೂರ್ತಿ ಒಂದೇ ಸಂಖ್ಯೆ, ಕೆಲಸ ಬದಲಿಸಿದಾಗ ಹೊಸದು ಮಾಡಿಸಬೇಡಿ, ಹಳೆಯ ಹಣವನ್ನು ಅದೇ ಸಂಖ್ಯೆಯಡಿ ವರ್ಗಾಯಿಸಿಕೊಳ್ಳಿ. ಮೊದಲ ಪೇಸ್ಲಿಪ್ ಬಂದಾಗ ಆಫರ್ ಪತ್ರದ ಪಕ್ಕದಲ್ಲಿಟ್ಟು ಸಾಲು ಸಾಲು ಹೋಲಿಸಿ. ಕಡಿತವಾದ ಪಿಎಫ್ ಹಣವನ್ನು ಕಂಪನಿ ಮುಂದಿನ ತಿಂಗಳ 15ರ ಒಳಗೆ ಕಟ್ಟಬೇಕು. 20ರ ನಂತರ ಪಿಎಫ್ ಪಾಸ್‌ಬುಕ್ ತೆರೆದು ನೋಡಿ. ಮೂಲ ವೇತನ 15,000 ಇದ್ದರೆ ನಿಮ್ಮ ಪಾಲು 1,800, ಕಂಪನಿಯ ಪಾಲಿನಲ್ಲಿ ಪಿಎಫ್‌ಗೆ 550, ಪಿಂಚಣಿಗೆ 1,250 ಎಂದು ಮೂರು ಅಂಕಿ ಕಾಣಬೇಕು. ಎರಡನೇ ತಿಂಗಳೂ ಕಾಣದಿದ್ದರೆ ಎಚ್‌ಆರ್‌ಗೆ ಇಮೇಲ್‌ನಲ್ಲೇ ಕೇಳಿ, ಅಲ್ಲೂ ಆಗದಿದ್ದರೆ ಭವಿಷ್ಯನಿಧಿ ಸಂಸ್ಥೆ ಇಪಿಎಫ್‌ಒದ ದೂರು ಪೋರ್ಟಲ್‌ನಲ್ಲಿ ಪೇಸ್ಲಿಪ್ ಜೊತೆ ಸಲ್ಲಿಸಿ.